ಫೈಲು ಕಂಪನಿಯವರ ಹತ್ತಿರ ಇದೆ, ಸರಿ. ಆದರೆ ಯಾರದ್ದು?

"ಸಾರ್, ಫೈಲು ಈಗ ಕಂಪನಿಯವರದ್ದಂತೆ."

ಹಾಸನದ ನನ್ನ ಆಫೀಸಿಗೆ ಬಂದು ಹೀಗೆ ಹೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಸರ್ಕಾರಿ ಕಚೇರಿಗಳ ಹಳೇ ದಾಖಲೆ ಸ್ಕ್ಯಾನ್ ಮಾಡುವ ಕೆಲಸವನ್ನು ಕೆಲವು ಕಡೆ ಖಾಸಗಿಯವರಿಗೆ ಕೊಟ್ಟಿರುತ್ತಾರೆ. ಕೌಂಟರಿನಲ್ಲಿ ಯಾರೋ "ಸ್ಕ್ಯಾನಿಂಗ್‌ಗೆ ಹೋಗಿದೆ, ಅವರನ್ನೇ ಕೇಳಿ" ಅನ್ನುತ್ತಾರೆ. ಇವರು ಹೋಗಿ ಆ ಹುಡುಗರ ಮುಂದೆ ಕೈಕಟ್ಟಿ ನಿಲ್ಲುತ್ತಾರೆ.

ಆಲೂರು ಕಡೆಯ ಗೌಡರೊಬ್ಬರು ಹೀಗೇ ನಾಲ್ಕು ತಿಂಗಳು ಅಲೆದರು. ಅವರಪ್ಪ ಹೇಮಾವತಿ ಮುಳುಗಡೆಯಲ್ಲಿ ಊರು ಬಿಟ್ಟವರು. ಆಗ ಸಿಕ್ಕಿದ ಜಮೀನಿನ ಮಂಜೂರಾತಿ ಕಡತ ಬೇಕಿತ್ತು. ಕೊನೆಗೆ ಒಬ್ಬ ಹುಡುಗ ಪಾಪ ಅಂತ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಗೌಡರು ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ನನ್ನ ಮೇಜಿನ ಮೇಲಿಟ್ಟರು. ಇಷ್ಟರಲ್ಲೇ ಕೋರ್ಟಿನ ಕೆಲಸ ಆಗುವುದಿಲ್ಲ ಅಂತ ಹೇಳುವುದಕ್ಕೆ ನನಗೇ ಸಂಕಟವಾಯಿತು.

"ಗೌಡ್ರೆ, ಕಾಫೀನ ಸಿಪ್ಪೆ ತೆಗೆಸೋಕೆ ಕ್ಯೂರಿಂಗ್ ವರ್ಕ್ಸ್‌ಗೆ ಹಾಕ್ತೀರಲ್ಲ, ಅಲ್ಲಿರೋವಷ್ಟು ದಿನ ಅದು ಯಾರದ್ದು?"

"ನಂದೇ."

"ಮಿಷನ್ನು?"

"ಅವ್ರದ್ದು."

ಇಷ್ಟೇ ವಿಷಯ. ಸ್ಕ್ಯಾನರ್, ಸಾಫ್ಟ್‌ವೇರ್, ಸರ್ವರ್ ಕಂಪನಿಯದ್ದಿರಬಹುದು. ಅದರೊಳಗಿನ ದಾಖಲೆ ಕಚೇರಿಯದ್ದು. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ನೋಡಿ. ಕಚೇರಿಯ ಬಳಿ ಇರುವ "ಅಥವಾ" ಅದರ ನಿಯಂತ್ರಣದಲ್ಲಿರುವ ಮಾಹಿತಿ ಅನ್ನುತ್ತದೆ. ಆ "ಅಥವಾ" ಮೇಲೆ ಬೆರಳಿಡಿ. ಫೈಲು ಬೇರೆಯವರ ಕೋಣೆಯಲ್ಲಿರಲಿ, ಕಂಪ್ಯೂಟರಿನಲ್ಲಿರಲಿ, ತರಿಸಿಕೊಳ್ಳುವ ಅಧಿಕಾರ ಕಚೇರಿಗಿದ್ದರೆ ಅದು ಕಚೇರಿಯ ನಿಯಂತ್ರಣದಲ್ಲೇ ಇದೆ. ಮತ್ತೆ ಹೇಳುತ್ತೇನೆ, ಕೇಳಬೇಕಾದ ಪ್ರಶ್ನೆ ಒಂದೇ: ಯಾರು ಕೇಳಿದರೆ ಕಂಪನಿ ಕೊಡಲೇಬೇಕು? ನೀವು ಕೇಳಿದರೆ ಅಲ್ಲ. ಕಚೇರಿ ಕೇಳಿದರೆ.

ಹಾಗಂತ ಗುತ್ತಿಗೆ ಕರಾರು ಓದದೆ ನಾನು ಆಣೆ ಮಾಡಲಾರೆ. ಕಾಪಿರೈಟ್ ಕಾಯ್ದೆಯ ಸೆಕ್ಷನ್ 17 ಸಹ ಬೇರೆ ಕರಾರು ಇಲ್ಲದಿದ್ದರೆ ಮಾತ್ರ ಸರ್ಕಾರಿ ಕೃತಿಗೆ ಸರ್ಕಾರವೇ ಮೊದಲ ಒಡೆಯ ಅನ್ನುತ್ತದೆ. ಅನುಮಾನ ಇದ್ದರೆ ಆ ಕರಾರಿನ ನಕಲನ್ನೂ ಕೇಳಿ. ಕೆಲವು ಪುಟ ಕೊಡುವುದಿಲ್ಲ ಅನ್ನಬಹುದು, ಆಗ ಕಾರಣ ಬರೆದು ಕೊಡಬೇಕು.

ಗೌಡರ ಅರ್ಜಿ ಕಚೇರಿಯ ಮಾಹಿತಿ ಅಧಿಕಾರಿಗೇ ಹೋಯಿತು. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. ದೃಢೀಕೃತ ನಕಲು ಬೇಕು ಅಂತ ಬರೆಯಲು ಮರೆಯಲಿಲ್ಲ. 26ನೇ ದಿನ ಬಂತು. ಒಂದು ಹಾಳೆ ತಲೆಕೆಳಗಾಗಿ ಸ್ಕ್ಯಾನ್ ಆಗಿತ್ತು. ಇರಲಿ, ಸೀಲು, ಸಹಿ ಎರಡೂ ಇದ್ದವು.

"ಇದ್ನೂ ಲ್ಯಾಮಿನೇಷನ್ ಮಾಡಿಸ್ಲಾ ಸಾರ್?" ಅಂದರು ಗೌಡರು. ನಾನು ಹಾಳೆಗಳನ್ನು ನನ್ನ ಫೈಲಿನೊಳಗೆ ಇಟ್ಟುಕೊಂಡೆ.