ನರಕೋಶ ಹೆಚ್ಚುವುದಿಲ್ಲ ಅಂದಮೇಲೆ ನರದಲ್ಲಿ ಗಡ್ಡೆ ಹೇಗೆ?

ಪ್ರಶ್ನೆ: ಬೆಳೆದ ನರಕೋಶ ಮತ್ತೆ ಒಡೆದು ಎರಡಾಗುವುದಿಲ್ಲ ಎಂದು ಓದಿದ್ದೇನೆ. ಹಾಗಾದರೆ ನರದ ಗಡ್ಡೆ ಎಲ್ಲಿಂದ ಬರುತ್ತದೆ?

ನೀವು ಓದಿದ್ದು ಸರಿ. ಆದರೆ ನರ ಅಂದರೆ ಬರೀ ನರಕೋಶದ ಎಳೆಯಲ್ಲ ಅಲ್ವಾ? ಆ ಎಳೆಗಳನ್ನು ಶ್ವಾನ್ ಕೋಶಗಳು ತಬ್ಬಿಕೊಂಡಿರುತ್ತವೆ. ನಡುವೆ ನಾರು ಹೆಣೆಯುವ ಕೋಶಗಳಿವೆ, ಕಟ್ಟಿನ ಸುತ್ತ ಒಂದು ಪೊರೆಯಿದೆ. ನರಕ್ಕೆ ಪೆಟ್ಟಾದಾಗ ರಿಪೇರಿಗೆಂದು ಶ್ವಾನ್ ಕೋಶಗಳು ಹೆಚ್ಚುತ್ತವೆ, ಕೆಲಸ ಮುಗಿದ ಮೇಲೆ ನಿಲ್ಲುತ್ತವೆ. ಹಾಗೆ ನಿಲ್ಲಿಸುವ ಬ್ರೇಕ್ ಕೆಟ್ಟರೆ ಗಡ್ಡೆ ಬೆಳೆಯುತ್ತದೆ.

ಶ್ವಾನೋಮಾ ಎಂಬ ಗಡ್ಡೆ ಹೆಚ್ಚುಕಡಿಮೆ ಶ್ವಾನ್ ಕೋಶಗಳದ್ದೇ. ಅದಕ್ಕೆ ತನ್ನದೇ ಪೊರೆ ಇರುತ್ತದೆ, ನರವನ್ನು ಪಕ್ಕಕ್ಕೆ ತಳ್ಳಿ ಕೂರುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೆಲವು ಕಡೆ ಉದ್ದುದ್ದ ಕೋಶಕೇಂದ್ರಗಳು ಬೇಲಿಯ ಗೂಟಗಳ ಹಾಗೆ ಎರಡು ಸಾಲಾಗಿ ನಿಂತಿರುತ್ತವೆ, ನಡುವೆ ತಿಳಿಗುಲಾಬಿ ಪಟ್ಟಿ. 1910ರಲ್ಲಿ ಇದನ್ನು ವಿವರಿಸಿದ ವೈದ್ಯ ವೆರೊಕೇ ಅವರ ಹೆಸರೇ ಆ ರಚನೆಗೆ ಉಳಿದಿದೆ. ಒಮ್ಮೆ ಕಂಡವರು ಮರೆಯಲಾರರು.

ನ್ಯೂರೋಫೈಬ್ರೋಮಾ ಎಂಬ ಇನ್ನೊಂದು ನರದ ಗಡ್ಡೆ ಹಾಗಲ್ಲ. ಇಲ್ಲಿ ಶ್ವಾನ್ ಕೋಶ, ನಾರಿನ ಕೋಶ, ಅಲರ್ಜಿಯಲ್ಲಿ ಕೆಲಸ ಮಾಡುವ ಮಾಸ್ಟ್ ಕೋಶ ಎಲ್ಲ ಬೆರೆತಿರುತ್ತವೆ. ನರದ ಎಳೆಗಳು ಗಡ್ಡೆಯ ಒಳಗೇ ಹಾದುಹೋಗುತ್ತವೆ, ನೂಲಿನ ಲಡಿಯ ಮೇಲೆ ಮೇಣ ಸುರಿದ ಹಾಗೆ. ಶ್ವಾನೋಮಾವನ್ನು ಎಷ್ಟೋ ಸಲ ನರ ಉಳಿಸಿಕೊಂಡೇ ಬಿಡಿಸಿ ತೆಗೆಯಬಹುದು. ಇದರಲ್ಲಿ ಅದು ಕಷ್ಟ. ಎರಡೂ ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದರೂ ಗಂಟು ಬೇಗ ದೊಡ್ಡದಾದರೆ, ನೋವು ಹೆಚ್ಚಿದರೆ, ಕೈಕಾಲಿನ ಬಲ ಕುಂದಿದರೆ ಸುಮ್ನೆ ಕಾಯಬೇಡಿ, ಡಾಕ್ಟರಿಗೆ ತೋರಿಸಿ.

ಕೆಡುವ ಬ್ರೇಕುಗಳಲ್ಲಿ ಎರಡು ಮುಖ್ಯ: 17ನೇ ಕ್ರೋಮೋಸೋಮಿನ ಎನ್‌ಎಫ್1 ಜೀನ್, 22ನೆಯದರ ಎನ್‌ಎಫ್2. ಎನ್‌ಎಫ್1 ಕಾಯಿಲೆಯಿರುವ, ಅಂದರೆ ಆ ಜೀನ್ ಕೆಟ್ಟು ನ್ಯೂರೋಫೈಬ್ರೋಮಾಗಳು ಬರುವ, ಸುಮಾರು ಅರ್ಧದಷ್ಟು ಜನರಲ್ಲಿ ಜೀನಿನ ಬದಲಾವಣೆ ಹೊಸದಾಗಿ ಆದದ್ದು, ತಂದೆತಾಯಿಯಿಂದ ಬಂದದ್ದಲ್ಲ. ಬಂದಿದ್ದರೂ ಅದು ಯಾರ ತಪ್ಪೂ ಅಲ್ಲ. ಮಗುವಿನ ಮೈಮೇಲೆ ಈ ಕಾಯಿಲೆಯ ಗುರುತಾದ ಕಂದು ಮಚ್ಚೆಗಳನ್ನು ಕಂಡು ತಮ್ಮನ್ನೇ ಹಳಿದುಕೊಳ್ಳುವ ಅಪ್ಪ ಅಮ್ಮಂದಿರಿಗೆ ಇದನ್ನು ಒತ್ತಿ ಹೇಳಬೇಕು.

ಮಿದುಳಿನ ಗ್ಲಯೋಮಾ ಎಂಬ ಗಡ್ಡೆ ಕೂಡ ನರಕೋಶದ್ದಲ್ಲ, ಅದಕ್ಕೆ ಆಸರೆಯಾದ ಗ್ಲಯಲ್ ಕೋಶಗಳ ಕಡೆಯದು. ಪುಟ್ಟ ಮಕ್ಕಳ ನ್ಯೂರೋಬ್ಲಾಸ್ಟೋಮಾ ಮಾತ್ರ ಬೇರೆ. ನರಕೋಶ ಆಗಬೇಕಿದ್ದು ಇನ್ನೂ ಆಗದೆ ಉಳಿದ ಎಳೆಯ ಕೋಶಗಳು ಅಲ್ಲಿ ಹೆಚ್ಚುತ್ತವೆ, ಎಷ್ಟೋ ಸಲ ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ. ಇದು ಕ್ಯಾನ್ಸರ್. ಆದರೂ ಕೆಲವು ಕೂಸುಗಳಲ್ಲಿ ಅದು ತಾನಾಗಿಯೇ ಕರಗುತ್ತದೆ. ಇನ್ನು ಕೆಲವರಲ್ಲಿ ಆ ಕೋಶಗಳು ತಡವಾಗಿಯಾದರೂ ಬಲಿತು ನಿಜವಾದ ನರಕೋಶಗಳಾಗುತ್ತವೆ. ಆಮೇಲೆ ಅವೂ ಒಡೆಯುವುದನ್ನು ನಿಲ್ಲಿಸುತ್ತವೆ.