ಹೆಪ್ಪು, ಗಡಿಯಾರ ಮತ್ತು ನೀರಿನೊಳಗಿನ ನೈಟ್ರೈಟ್

ಅರಸೀಕೆರೆ ಸೀಮೆಯಲ್ಲಿ ನೀರು ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಬೇಳೆ ಬೇಯುತ್ತದೆಯೇ, ಸೋಪು ನೊರೆ ಬರುತ್ತದೆಯೇ ಎಂದು ನೋಡಿ ಹೇಳಿಬಿಡುತ್ತಾರೆ. ಗಡಸು ನೀರಿಗೆ ಈ ಪರೀಕ್ಷೆ ಸಾಕು. ನೈಟ್ರೈಟ್‌ಗೆ ಸಾಲದು. ಕುಡಿಯುವ ನೀರಿನಲ್ಲಿ ಇರಬಹುದಾದಷ್ಟು ನೈಟ್ರೈಟ್‌ಗೆ ಬಣ್ಣ, ವಾಸನೆ, ರುಚಿ ಯಾವುದೂ ಇರುವುದಿಲ್ಲ.

ತಿಪ್ಪೆ, ಶೌಚದ ಗುಂಡಿ, ಆಲೂಗೆಡ್ಡೆ ಹೊಲಕ್ಕೆ ಸುರಿದ ಯೂರಿಯಾ, ಇವೆಲ್ಲ ಮಣ್ಣಿನಲ್ಲಿ ಅಮೋನಿಯಾ ಆಗುತ್ತವೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ಅದನ್ನೇ ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ನಡುದಾರಿಯ ಸರಕು, ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹಾಗಾಗಿ ಬಾವಿಯಲ್ಲಿ ಅದು ಸಿಕ್ಕರೆ ಕೊಳೆ ಇತ್ತೀಚೆಗೆ, ಹತ್ತಿರದಿಂದಲೇ ಸೇರಿದೆ ಎಂದು ಹತ್ತೊಂಬತ್ತನೇ ಶತಮಾನದ ನೀರು ಪರೀಕ್ಷಕರೇ ಅನುಮಾನಿಸುತ್ತಿದ್ದರು. ಆರೋಗ್ಯದ ಭಯ ಹುಟ್ಟಿದ್ದು ಆಮೇಲೆ. 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ, ಹಸುಗೂಸುಗಳ ಮೈ ನೀಲಿಗಟ್ಟುವುದಕ್ಕೂ ಬಾವಿನೀರಿನ ನೈಟ್ರೇಟ್‌ಗೂ ನಂಟಿದೆ ಎಂದು ಬರೆದರು. ಮೈಯೊಳಗೆ ನೈಟ್ರೇಟ್ ನೈಟ್ರೈಟ್ ಆಗಿ, ಹಿಮೋಗ್ಲೋಬಿನ್‌ನ ಕಬ್ಬಿಣವನ್ನು ಬದಲಿಸಿ, ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಇಂದು ಭಾರತದ ಮಾನದಂಡದಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ನೈಟ್ರೈಟ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 3 ಮಿಲಿಗ್ರಾಂ.

ಅಳೆಯುವ ದಾರಿ ತೋರಿಸಿದವನು ಬಿಯರ್ ಕಾರ್ಖಾನೆಯ ರಸಾಯನಜ್ಞ. ಜರ್ಮನಿಯ ಪೀಟರ್ ಗ್ರೀಸ್ 1858ರಲ್ಲಿ ಡೈಯಾಜೋ ಸಂಯುಕ್ತಗಳನ್ನು (ಬೇರೆ ವಸ್ತುವಿನೊಡನೆ ಕೂಡಿ ಗಾಢ ಬಣ್ಣ ಕೊಡುವಂಥವು) ಕಂಡುಹಿಡಿದ. ಇಂಗ್ಲೆಂಡಿನ ಬರ್ಟನ್‌ನಲ್ಲಿ ಕೆಲಸದಲ್ಲಿದ್ದಾಗ, 1879ರಲ್ಲಿ, ಅದೇ ಕ್ರಿಯೆಯನ್ನು ನೈಟ್ರೈಟ್ ಪರೀಕ್ಷೆಯಾಗಿಸಿದ. ನೀರಿಗೆ ಎರಡು ರಾಸಾಯನಿಕ ಸೇರಿಸಿದರೆ ಕೆಂಪು ಛಾಯೆ ಮೂಡುತ್ತದೆ. ಬಣ್ಣ ಗಾಢವಾದಷ್ಟೂ ನೈಟ್ರೈಟ್ ಹೆಚ್ಚು. ಆ ಎರಡರಲ್ಲಿ ಒಂದಾಗಿ ಮೊದಲು ಬಳಸುತ್ತಿದ್ದ ನ್ಯಾಫ್ತಿಲಮೀನ್ ಅಪಾಯದ ವಸ್ತು, ಅದರ ಸೋದರ ಸಂಯುಕ್ತ ಮೂತ್ರಕೋಶದ ಕ್ಯಾನ್ಸರ್ ತರುತ್ತದೆ. 1939ರಲ್ಲಿ ಬ್ರ್ಯಾಟನ್ ಮತ್ತು ಮಾರ್ಷಲ್ ರಕ್ತದಲ್ಲಿ ಸಲ್ಫಾ ಔಷಧಿ ಅಳೆಯಲು ಹೊಸ ಸಂಯುಕ್ತ ತಂದರು, ನೀರು ಪರೀಕ್ಷೆಯವರೂ ನ್ಯಾಫ್ತಿಲಮೀನ್ ಬದಲಿಗೆ ಅದನ್ನೇ ಹಿಡಿದರು. ನೈಟ್ರೇಟ್ ನೋಡುವ ಎಷ್ಟೋ ಕಿಟ್‌ಗಳು ಇಂದಿಗೂ ನೈಟ್ರೇಟನ್ನು ನೈಟ್ರೈಟಿಗೆ ಇಳಿಸಿ ಈ ಗುಲಾಬಿ ಬಣ್ಣವನ್ನೇ ತೋರಿಸುತ್ತವೆ.

ಇಲ್ಲೊಂದು ಮಿತಿಯಿದೆ. ಒಂದು ನೈಟ್ರೈಟ್ ಅಣುವಿಗೆ ಸಿಗುವುದು ಹೆಚ್ಚೆಂದರೆ ಬಣ್ಣದ ಒಂದೇ ಅಣು. ನೈಟ್ರೈಟ್ ತೀರಾ ಕಡಿಮೆಯಿದ್ದರೆ ಬಣ್ಣವೂ ಅಷ್ಟೇ ಮಂಕು. ಇದನ್ನು ದಾಟಲು ರಸಾಯನಜ್ಞರು ಕೇಳುವ ಪ್ರಶ್ನೆಯನ್ನೇ ಬದಲಿಸಿದರು. ಎಷ್ಟು ಬಣ್ಣ ಬಂತು ಎನ್ನುವ ಬದಲು, ಇರುವ ಬಣ್ಣ ಎಷ್ಟು ಬೇಗ ಹೋಯಿತು ಎಂದರು. 1930ರ ದಶಕದಲ್ಲಿ ಸ್ಯಾಂಡೆಲ್ ಮತ್ತು ಕೋಲ್ಟಾಫ್ ಅಯೋಡೈಡನ್ನು ಹೀಗೆ ಅಳೆದಿದ್ದರು. ಮುಂದೆ ನೈಟ್ರೈಟ್‌ಗೆ ಬ್ರೋಮೇಟ್ ಒದಗಿತು (2016ರಲ್ಲಿ ನಿಷೇಧವಾಗಿ ನಮ್ಮ ಬ್ರೆಡ್ಡಿನಿಂದ ಹೊರಬಿದ್ದ ಅದೇ ಪೊಟ್ಯಾಸಿಯಂ ಬ್ರೋಮೇಟ್). ಆಮ್ಲದಲ್ಲಿ ಬ್ರೋಮೇಟ್ ಕೆಲವು ಬಣ್ಣಗಳನ್ನು ನಿಧಾನವಾಗಿ ಕೊಲ್ಲುತ್ತದೆ. ಚೂರು ನೈಟ್ರೈಟ್ ಬಿದ್ದರೆ ಆ ಕೆಲಸ ಚುರುಕಾಗುತ್ತದೆ.

ಹಾಲಿಗೆ ಹಾಕುವ ಹೆಪ್ಪಿನ ಹಾಗೆ ಅನ್ನಬಹುದು. ಹೋಲಿಕೆ ಪೂರ್ತಿ ಸರಿಯಲ್ಲ, ಹೆಪ್ಪು ತಾನೂ ಬೆಳೆಯುತ್ತದೆ, ಇಲ್ಲಿ ವೇಗವರ್ಧಕವಾದ (ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ) ನೈಟ್ರೈಟ್ ಬೆಳೆಯುವುದಿಲ್ಲ. ಆದರೆ ಹೆಪ್ಪಿನ ತಕರಾರೇ ಇದಕ್ಕೂ ಇದೆ. ಸಕಲೇಶಪುರದ ಮಳೆಗಾಲದಲ್ಲಿ ಬೆಳಗಾದರೂ ಹೆಪ್ಪುಗಟ್ಟದ ಹಾಲು ಅರಸೀಕೆರೆಯ ಬೇಸಿಗೆಯಲ್ಲಿ ಮಧ್ಯಾಹ್ನಕ್ಕೇ ಹುಳಿ. ಬ್ರೋಮೇಟ್ ಕ್ರಿಯೆಯೂ ಬಿಸಿ ಹೆಚ್ಚಿದಂತೆ ಓಡುತ್ತದೆ. ಅದಕ್ಕೇ ಉಷ್ಣತೆ ಬದಲಾಗದ ನೀರಿನ ತೊಟ್ಟಿಯಲ್ಲಿ ಕೊಳವೆಗಳನ್ನಿಟ್ಟು, ಗೊತ್ತಾದ ನಿಮಿಷಕ್ಕೆ ಸರಿಯಾಗಿ ಬಣ್ಣ ಅಳೆಯಬೇಕು. ನೈಟ್ರೈಟ್ ಇಲ್ಲದ ನೀರಿನಲ್ಲೂ ಬಣ್ಣ ಒಂದಿಷ್ಟು ಹೋಗುತ್ತದೆ, ಅದನ್ನು ಕಳೆಯಬೇಕು. ಬ್ರೋಮೇಟನ್ನೇ ಕೆಣಕುವ ಬೇರೆ ಲವಣಗಳು ನೀರಿನಲ್ಲಿದ್ದರೆ ಲೆಕ್ಕ ತಪ್ಪುತ್ತದೆ.

ಇಷ್ಟೆಲ್ಲ ಕಷ್ಟ ಪಂಚಾಯಿತಿಯ ನಲ್ಲಿ ನೀರಿಗೆ ಬೇಡ ಎಂದೇ ನನ್ನ ಅನಿಸಿಕೆ. 3 ಮಿಲಿಗ್ರಾಂ ಮಿತಿ ನೋಡಲು ಗ್ರೀಸನ ಗುಲಾಬಿ ಧಾರಾಳ ಸಾಕು. ಮೂಡಿಗೆರೆಯಲ್ಲಿ ಹುಟ್ಟಿದ ಹೇಮಾವತಿ ಗೊರೂರು ಸೇರುವಷ್ಟರಲ್ಲಿ ಎಲ್ಲೆಲ್ಲಿ ಕೊಳೆ ಸೇರಿಸಿಕೊಳ್ಳುತ್ತದೆ ಎಂದು ಹೆಜ್ಜೆಹೆಜ್ಜೆಗೂ ಹುಡುಕುವವರಿಗೆ, ಬಣ್ಣ ಹೋಗುವ ವೇಗ ನೋಡುವ ಈ ಗಡಿಯಾರದ ವಿಧಾನ ಬೇಕಾಗುತ್ತದೆ. ಅವರೂ ಬಾಟಲಿಯನ್ನು ಐಸ್‌ನಲ್ಲಿಟ್ಟು ಅಂದೇ ಪ್ರಯೋಗಾಲಯ ಮುಟ್ಟಬೇಕು. ಬಸ್ಸಿನ ಸೀಟಿನಡಿ ಬೆಚ್ಚಗೆ ಕೂತ ನೀರಿನಲ್ಲಿ ಬ್ಯಾಕ್ಟೀರಿಯಾ ದಾರಿಯುದ್ದಕ್ಕೂ ನೈಟ್ರೈಟ್ ಮಾಡುತ್ತಲೋ ತಿನ್ನುತ್ತಲೋ ಇರುತ್ತವೆ.