ಎಲ್‌ವ್ಯಾಡ್ ರೋಗಿಯ ಮನೆಯಲ್ಲಿ ಕರೆಂಟ್: ಹಾರ್ಟ್‌ಮೇಟ್ 3 ಟಿಪ್ಪಣಿ

ಎಲ್‌ವ್ಯಾಡ್ ಎಂದರೆ ದುರ್ಬಲ ಹೃದಯದ ಎಡ ಹೃತ್ಕುಕ್ಷಿಗೆ ಜೋಡಿಸಿ, ರಕ್ತವನ್ನು ಮಹಾಪಧಮನಿಗೆ ತಳ್ಳುವ ವಿದ್ಯುತ್ ಪಂಪ್; ಹಾರ್ಟ್‌ಮೇಟ್ 3 ಅದರ ಒಂದು ಮಾದರಿ. ಪಂಪಿನಿಂದ ಹೊರಟ ಡ್ರೈವ್‌ಲೈನ್ ಎಂಬ ಕೇಬಲ್ ಹೊಟ್ಟೆಯ ಚರ್ಮ ದಾಟಿ ಬಂದು, ಪಂಪನ್ನು ನಿಯಂತ್ರಿಸುವ ಸಣ್ಣ ಪೆಟ್ಟಿಗೆಯಾದ ಕಂಟ್ರೋಲರ್‌ಗೆ ಸೇರುತ್ತದೆ. ಕಂಟ್ರೋಲರ್‌ನಿಂದ ಹೊರಡುವ ವಿದ್ಯುತ್ ಕೇಬಲ್‌ಗಳು ಎರಡು: ಒಂದು ಕಪ್ಪು, ಒಂದು ಬಿಳಿ; ಒಂದೊಂದಕ್ಕೂ ಒಂದು ಬ್ಯಾಟರಿ. ಒಂದರಲ್ಲೇ ಪಂಪ್ ಓಡಬಲ್ಲದು. ಹಾಗಾಗಿಯೇ ಬ್ಯಾಟರಿಗಳನ್ನು ಒಂದಾದ ಮೇಲೆ ಒಂದರಂತೆ ಬದಲಿಸುವುದು. ಎರಡನ್ನೂ ಒಟ್ಟಿಗೆ ಕಳಚುವಂತಿಲ್ಲ.

ಬದಲಿಸುವ ಮೊದಲು ಹೊಸ ಬ್ಯಾಟರಿಯ ಗುಂಡಿ ಒತ್ತಿ ನಾಲ್ಕೂ ಹಸಿರು ದೀಪ ಹತ್ತುತ್ತವೆಯೇ ನೋಡಿ. ಒಂದು ಹಳೆಯದನ್ನು ತೆಗೆದ ಕೂಡಲೇ ಅಲಾರಂ ಕೂಗುತ್ತದೆ. ಅದು ಸಹಜ, ಗಾಬರಿಯಲ್ಲಿ ಇನ್ನೊಂದಕ್ಕೆ ಕೈ ಹಾಕಬೇಡಿ. ಹೊಸದನ್ನು ಕೇಬಲ್‌ಗೆ ಸೇರಿಸುವ ಕ್ಲಿಪ್‌ಗೆ ಕೂರಿಸಿ, ಅಲಾರಂ ನಿಂತ ಮೇಲೆಯೇ ಎರಡನೆಯದು. 14 ವೋಲ್ಟ್‌ನ ಒಂದು ಜೋಡಿ 17 ಗಂಟೆಯವರೆಗೆ ಬರುತ್ತದೆ. ಹಳತಾದಂತೆ ಈ ಅವಧಿ ಇಳಿಯುತ್ತದೆ. ಕಂಟ್ರೋಲರ್‌ನಲ್ಲಿ ಹಳದಿ ದೀಪ ಬಂದರೆ ಉಳಿದಿರುವುದು 15 ನಿಮಿಷಕ್ಕಿಂತ ಕಡಿಮೆ, ಕೆಂಪು ಬಂದರೆ 5 ನಿಮಿಷಕ್ಕಿಂತ ಕಡಿಮೆ.

ಎರಡೂ ಕಡೆಯಿಂದ ವಿದ್ಯುತ್ ನಿಂತರೆ ಕಂಟ್ರೋಲರ್ ಒಳಗಿನ ತುರ್ತು ಬ್ಯಾಟರಿ ಕನಿಷ್ಠ 15 ನಿಮಿಷ ಪಂಪನ್ನು ನಡೆಸುತ್ತದೆ. ಬ್ಯಾಟರಿ ಜೋಡಿಸಿಕೊಳ್ಳಲು ಕೊಟ್ಟಿರುವ ಗಡುವು ಅದು, ಅಷ್ಟೇ. ಪಂಪಿನಲ್ಲಿ ಕವಾಟವಿಲ್ಲ. ನಿಂತರೆ ಮಹಾಪಧಮನಿಯ ರಕ್ತ ಅದರ ಮೂಲಕವೇ ಹೃತ್ಕುಕ್ಷಿಗೆ ಹಿಂದಕ್ಕೆ ಹರಿಯುತ್ತದೆ. ನಿಂತ ಪಂಪಿನಲ್ಲಿ ಹೆಪ್ಪುಗಟ್ಟುವ ಅಪಾಯ ಬೇರೆ.

ನನ್ನ ಮಟ್ಟಿಗೆ ಹೆಚ್ಚು ಯೋಚಿಸಬೇಕಾದದ್ದು ರಾತ್ರಿಯ ಬಗ್ಗೆ. ಬ್ಯಾಟರಿಯ ಮೇಲೆ ಮಲಗಿದರೆ ನಿದ್ದೆಯಲ್ಲಿ ಅಲಾರಂ ಕೇಳಿಸದೆ ಹೋಗಬಹುದು. ಆದ್ದರಿಂದ ಗೋಡೆಯ ಪ್ಲಗ್‌ಗೆ ಸೇರಿಸುವ ಮೊಬೈಲ್ ಪವರ್ ಯೂನಿಟ್ ಬಳಸಬೇಕು. ಹಳೆಯ ಪವರ್ ಮಾಡ್ಯೂಲ್‌ನಲ್ಲಿ ಸುಮಾರು ಅರ್ಧ ಗಂಟೆಯ ಮೀಸಲು ಇತ್ತು, ಇದರಲ್ಲಿ ಇಲ್ಲ. ಒಳಗಿನ ಎಎ ಸೆಲ್‌ಗಳು ಅಲಾರಂ ಕೂಗಿಸಲು ಮಾತ್ರ, ಪಂಪಿಗಲ್ಲ.

ನಮ್ಮ ಮನೆಗಳ ಪ್ಲಗ್ ಪಕ್ಕದಲ್ಲೇ ಸ್ವಿಚ್ ಇರುತ್ತದೆ, ಯಾರೋ ಅಭ್ಯಾಸಬಲದಿಂದ ಆರಿಸಿಬಿಡುತ್ತಾರೆ. ಆ ಸ್ವಿಚ್ ಮೇಲೆ ಟೇಪ್ ಅಂಟಿಸಿ. ಅರ್ತ್ ಸರಿಯಿರುವ ಮೂರು ಪಿನ್‌ನ ಸಾಕೆಟ್ಟೇ ಆಗಬೇಕು. ಎಕ್ಸ್‌ಟೆನ್ಷನ್ ಬಾಕ್ಸ್, ಎರಡು ಪಿನ್‌ನ ಅಡಾಪ್ಟರ್ ಬೇಡ. ಇನ್ವರ್ಟರ್ ಇದ್ದರೂ ಅದರ ಬ್ಯಾಟರಿ ನಡುರಾತ್ರಿ ಮುಗಿಯಬಹುದು. ತುಂಬಿದ ಜೋಡಿ, ಕ್ಲಿಪ್ ಮತ್ತು ಟಾರ್ಚ್ ಹಾಸಿಗೆಯಿಂದ ಕೈಗೆ ಎಟುಕುವಂತಿರಲಿ. ಕರೆಂಟ್ ಹೋದರೆ ಮೊದಲು ಬ್ಯಾಟರಿಗೆ ಬದಲಿಸಿಕೊಂಡು, ಬೆಸ್ಕಾಂನ 1912ಕ್ಕೆ ಕರೆ ಮಾಡುವುದು ಆಮೇಲೆ.

ಹೊರಗೆ ಹೋಗುವಾಗ ಇನ್ನೊಂದು ತುಂಬಿದ ಜೋಡಿ ಮತ್ತು ಬದಲಿ ಕಂಟ್ರೋಲರ್ ಚೀಲದಲ್ಲಿರಬೇಕು, ಪಕ್ಕದ ಬೀದಿಯ ಅಂಗಡಿಗಾದರೂ ಸರಿ.